ಬೆಂಕಿಯ ಪಾಠಕ್ಕೆ ಪಠ್ಯವನ್ನು ಆರಿಸುವ ಬಗೆ

ಮನೆಗೆ ಬೆಂಕಿ ಬಿದ್ದ ಮೇಲೆ ಬಾವಿ ತೋಡಿದರಂತೆ ಎಂಬ ಗಾದೆಯನ್ನು ಕೇಳದ ಕನ್ನಡಿಗನಿಲ್ಲ. ಈ ಗಾದೆ ಹುಟ್ಟಿದುದು ಹುಲ್ಲು ಮಾಡಿನ ಮನೆಗಳ ಕಾಲದಲ್ಲಿರಬೇಕು. ನಮ್ಮ ಕಾಲದ ಕಚೇರಿ ಕಾರ್ಖಾನೆಗಳಲ್ಲಿ ಬಾವಿಯನ್ನು ಸಾಮಾನ್ಯವಾಗಿ ಮೊದಲೇ ತೋಡಿರುತ್ತಾರೆ. ಗೋಡೆಯ ಮೇಲೆ ಕೆಂಪು ಸಿಲಿಂಡರುಗಳು ತೂಗುತ್ತಿರುತ್ತವೆ. ಮೆಟ್ಟಿಲ ಪಕ್ಕದಲ್ಲಿ ನೀರಿನ ಕೊಳವೆ ಸುತ್ತಿಟ್ಟಿರುತ್ತದೆ. ಅಪಾಯದ ಗಂಟೆಯ ಗುಂಡಿ ಗಾಜಿನ ಹಿಂದೆ ಕಾದಿರುತ್ತದೆ. ಕೊರತೆಯಿರುವುದು ಬಾವಿಗಲ್ಲ, ಆ ಬಾವಿಯಿಂದ ನೀರು ಸೇದಬಲ್ಲವರಿಗೆ. ಕೆಲಸಕ್ಕೆ ಸೇರಿದ ಮೊದಲನೆಯ ದಿನ ಹೊಸ ನೌಕರನಿಗೆ ಇದನ್ನು ಕಲಿಸಬೇಕಾದುದು ಧಣಿಗಳ ಕರ್ತವ್ಯ. ಹಾಗೆ ಕಲಿಸುವುದಕ್ಕೆ ಯಾವ ಪುಸ್ತಕ, ಯಾವ ಚಿತ್ರಪಟ, ಯಾವ ಚಲಚ್ಚಿತ್ರವನ್ನು ಆಯ್ದುಕೊಳ್ಳಬೇಕು ಎಂಬುದೇ ಈ ಲೇಖನದ ವಿಷಯ.

ಕಲಾ ಕಾಲೇಜಿನ ಪತ್ರಿಕೆಗೆ ಈ ವಿಷಯವೇಕೆ, ಇದು ಇಂಜಿನಿಯರುಗಳಿಗೆ ಸೇರಿದ್ದಲ್ಲವೇ ಎಂದು ವಾಚಕ ಮಿತ್ರರು ಕೇಳಬಹುದು. ನಾನು ಇದೇ ಕಾಲೇಜಿನಲ್ಲಿ ಕನ್ನಡವನ್ನೂ ಸಮಾಜಶಾಸ್ತ್ರವನ್ನೂ ಓದಿದವನು. ಈಗ ಒಂದು ಕಾರ್ಖಾನೆಯ ಸಿಬ್ಬಂದಿ ವಿಭಾಗದಲ್ಲಿದ್ದು ಹೊಸಬರ ಶಿಕ್ಷಣದ ಕೆಲಸವನ್ನು ನೋಡಿಕೊಳ್ಳುತ್ತಿದ್ದೇನೆ. ಗುಂಡಿಯನ್ನೂ ಕೊಳವೆಯನ್ನೂ ಜೋಡಿಸುವವರು ಇಂಜಿನಿಯರುಗಳೇ ಸರಿ. ಆದರೆ ಪಾಠದ ಸಾಮಗ್ರಿಯನ್ನು ಆರಿಸುವ ಕಡತವು ಬಂದು ಬೀಳುವುದು ಹೆಚ್ಚಾಗಿ ನಮ್ಮಂಥ ಬಿ. ಎ. ಪದವೀಧರರ ಮೇಜಿನ ಮೇಲೆ. ನೋಡುತ್ತ ಹೋದಂತೆ ಇದು ಯಂತ್ರಶಾಸ್ತ್ರಕ್ಕಿಂತ ಭಾಷೆಗೂ ಮನುಷ್ಯ ಸ್ವಭಾವಕ್ಕೂ ಹೆಚ್ಚು ಸಂಬಂಧಪಟ್ಟ ವಿಷಯವೆಂದು ನನಗೆ ಮನದಟ್ಟಾಗಿದೆ. ಇಂದು ಈ ಪುಟಗಳನ್ನು ಓದುವವರಲ್ಲಿ ಕೆಲವರಾದರೂ ನಾಳೆ ಬ್ಯಾಂಕು, ಆಸ್ಪತ್ರೆ, ಸಿದ್ಧ ಉಡುಪಿನ ಕಾರ್ಖಾನೆ, ಅಂಗಡಿ ಮಳಿಗೆಗಳಲ್ಲಿ ಇಂಥ ಕಡತಕ್ಕೆ ಸಹಿ ಹಾಕುವವರೇ.

ಕಾನೂನು ಈ ಮಾತನ್ನು ಬಹಳ ಹಿಂದೆಯೇ ಒಪ್ಪಿಕೊಂಡಿತ್ತು. 1948ರ ಕಾರ್ಖಾನೆ ಕಾಯಿದೆಯ 38ನೆಯ ಕಲಮು ಬೆಂಕಿಯ ವಿಷಯವಾಗಿ ಎರಡು ಸಂಗತಿಗಳನ್ನು ಕೇಳುತ್ತಿತ್ತು. ತಪ್ಪಿಸಿಕೊಳ್ಳುವ ದಾರಿಗಳು ಎಲ್ಲ ಕೆಲಸಗಾರರಿಗೂ ಪರಿಚಿತವಾಗಿರಬೇಕು ಎಂಬುದು ಒಂದು. ಬೆಂಕಿಯ ಹೊತ್ತಿನಲ್ಲಿ ಅನುಸರಿಸಬೇಕಾದ ಕ್ರಮದಲ್ಲಿ ಅವರಿಗೆ ಸಾಕಷ್ಟು ತರಬೇತಿ ದೊರೆತಿರಬೇಕು ಎಂಬುದು ಇನ್ನೊಂದು. ಗಮನಿಸಿ: ‘ಪರಿಚಿತವಾಗಿರಬೇಕು’ ಎಂಬುದು ಅಲ್ಲಿಯ ಮಾತು. ‘ಕಾಗದಕ್ಕೆ ಸಹಿ ಹಾಕಿರಬೇಕು’ ಎಂಬುದಲ್ಲ. ಇವೆರಡಕ್ಕೂ ಇರುವ ಅಂತರವೇ ಒಳ್ಳೆಯ ಸಾಮಗ್ರಿಗೂ ಕೆಟ್ಟದಕ್ಕೂ ಇರುವ ಅಂತರ.

ಮಾರುಕಟ್ಟೆಯಲ್ಲಿ ದೊರೆಯುವ ಸಾಮಗ್ರಿಯನ್ನು ಸ್ಥೂಲವಾಗಿ ನಾಲ್ಕು ಬಗೆಯಾಗಿ ವಿಂಗಡಿಸಬಹುದು. ಗೋಡೆಗೆ ತೂಗುಹಾಕುವ ಚಿತ್ರಪಟಗಳು. ಕೈಗೆ ಕೊಡುವ ಚಿಕ್ಕ ಪುಸ್ತಕಗಳು. ಹತ್ತಿಪ್ಪತ್ತು ನಿಮಿಷದ ಚಲಚ್ಚಿತ್ರಗಳು. ಕಂಪ್ಯೂಟರಿನ ಪರದೆಯ ಮೇಲೆ ಓದಿ ಕೊನೆಯಲ್ಲಿ ಪ್ರಶ್ನೆಗಳಿಗೆ ಉತ್ತರ ಗುರುತಿಸುವ ಪಾಠಗಳು. ಪ್ರತಿಯೊಂದಕ್ಕೂ ಅದರದೇ ಗುಣವುಂಟು. ಚಿತ್ರಪಟ ದಿನವೂ ಕಣ್ಣಿಗೆ ಬೀಳುತ್ತದೆ. ಚಲಚ್ಚಿತ್ರ ಮನಸ್ಸನ್ನು ಹಿಡಿಯುತ್ತದೆ. ಕಂಪ್ಯೂಟರಿನ ಪಾಠ ಯಾರು ಓದಿದರು, ಯಾರು ಓದಲಿಲ್ಲ ಎಂಬ ಲೆಕ್ಕವನ್ನು ಇಡುತ್ತದೆ. ಬೆಲೆಯನ್ನೂ ಅಂದವನ್ನೂ ನೋಡಿ ಆರಿಸುವುದು ಸುಲಭ. ಹಾಗೆ ಆರಿಸಬಾರದು ಎಂಬುದಕ್ಕೆ ನಾನು ಕಂಡುಕೊಂಡ ಕೆಲವು ಪರೀಕ್ಷೆಗಳನ್ನು ಇಲ್ಲಿ ವಿವರಿಸುತ್ತೇನೆ.

ಮೊದಲನೆಯ ಪರೀಕ್ಷೆ ಇದು. ಪಾಠ ಮುಗಿದ ಮೇಲೆ ಹೊಸಬನು ಐದು ಪ್ರಶ್ನೆಗಳಿಗೆ ತಡವರಿಸದೆ ಉತ್ತರ ಹೇಳಬಲ್ಲನೇ? ಬೆಂಕಿಯನ್ನೋ ಹೊಗೆಯನ್ನೋ ಕಂಡರೆ ಉಳಿದವರನ್ನು ಎಚ್ಚರಿಸುವುದು ಹೇಗೆ? ತಾನು ನಿಂತ ಜಾಗದಿಂದ ಹೊರಗೆ ಹೋಗುವ ಎರಡು ದಾರಿಗಳು ಯಾವುವು? ಹೊರಗೆ ಹೋಗಿ ನಿಲ್ಲಬೇಕಾದುದು ಎಲ್ಲಿ? ತಾನು ಬಂದೆನೆಂದು ಯಾರಿಗೆ ತಿಳಿಸಬೇಕು? ಯಾವ ಕೆಲಸಗಳನ್ನು ಮಾಡಲೇಬಾರದು? ಈ ಐದರಲ್ಲಿ ನಾಲ್ಕು ಆಯಾ ಕಟ್ಟಡಕ್ಕೆ ಮಾತ್ರ ಸಂಬಂಧಪಟ್ಟವು. ಆದುದರಿಂದ ಎಲ್ಲ ಊರಿಗೂ ಎಲ್ಲ ಕಟ್ಟಡಕ್ಕೂ ಒಪ್ಪುವಂತೆ ತಯಾರಾದ ಸಾಮಗ್ರಿ, ಎಷ್ಟೇ ಉತ್ತಮವಾಗಿದ್ದರೂ, ಪಾಠದ ಅರ್ಧವನ್ನಷ್ಟೆ ಹೇಳಬಲ್ಲದು. ಉಳಿದರ್ಧವನ್ನು ಅಲ್ಲಿಯವರೇ ಬರೆದುಕೊಳ್ಳಬೇಕು. ಹಾಗೆ ಬರೆದುಕೊಳ್ಳಲು ಜಾಗ ಬಿಟ್ಟಿರುವ ಸಾಮಗ್ರಿಯೇ ಮೇಲು.

ಈ ಮಾತಿಗೆ ಒಂದು ಘೋರವಾದ ನಿದರ್ಶನವಿದೆ. ಸ್ಕಾಟ್ಲೆಂಡಿನ ಅಬರ್ಡೀನ್ ನಗರದಾಚೆ ಉತ್ತರ ಸಮುದ್ರದಲ್ಲಿ ಪೈಪರ್ ಆಲ್ಫಾ ಎಂಬ ತೈಲದ ವೇದಿಕೆಯಿತ್ತು. 1988ರ ಜುಲೈ 6ರ ರಾತ್ರಿ ಅಲ್ಲಿ ಸ್ಫೋಟವಾಗಿ ಬೆಂಕಿ ಹತ್ತಿತು. 167 ಮಂದಿ ಸತ್ತರು. ಅಪಾಯವಾದರೆ ವಸತಿ ಭಾಗದಲ್ಲಿ ಕೂಡಿ ಹೆಲಿಕಾಪ್ಟರಿಗಾಗಿ ಕಾಯಬೇಕೆಂಬುದು ಅಲ್ಲಿಯ ವಾಡಿಕೆ. ಬಹುಮಂದಿ ಹಾಗೆಯೇ ಕಾದರು. ಹೊಗೆಯಿಂದಾಗಿ ಹೆಲಿಕಾಪ್ಟರು ಇಳಿಯಲಾಗಲಿಲ್ಲ. ಕಾದವರಲ್ಲಿ ಅನೇಕರು ಅದೇ ಹೊಗೆಯಲ್ಲಿ ಉಸಿರುಗಟ್ಟಿ ತೀರಿಕೊಂಡರು. ಬದುಕಿದ 61 ಮಂದಿಯಲ್ಲಿ ಹೆಚ್ಚಿನವರು ತಮ್ಮಷ್ಟಕ್ಕೆ ದಾರಿ ಹುಡುಕಿ ಸಮುದ್ರಕ್ಕೆ ಇಳಿದವರು, ಇಲ್ಲವೆ ಹಾರಿದವರು. ಲಾರ್ಡ್ ಕಲನ್ ಅವರ ವಿಚಾರಣೆಯ ವರದಿ 1990ರಲ್ಲಿ ಹೊರಬಂದಿತು. ಹೊಸದಾಗಿ ಬಂದವರಿಗೆ ಕೊಡುತ್ತಿದ್ದ ಸುರಕ್ಷಾ ಪರಿಚಯವು ಹೆಸರಿಗಷ್ಟೆ ನಡೆಯುತ್ತಿತ್ತೆಂಬುದು ಅದರಲ್ಲಿ ಬಯಲಾಯಿತು. ಒಂದೇ ದಾರಿಯನ್ನು ಕಲಿಸಿ ಎರಡನೆಯದನ್ನು ಕಲಿಸದೆ ಬಿಟ್ಟ ಪಾಠವು ಪಾಠವೇ ಇಲ್ಲದ್ದಕ್ಕಿಂತ ಅಪಾಯಕರವಾಗಬಹುದು. ನನ್ನ ಐದು ಪ್ರಶ್ನೆಗಳಲ್ಲಿ ‘ಎರಡು ದಾರಿಗಳು’ ಎಂದು ಕೇಳುವುದಕ್ಕೆ ಕಾರಣವಿದು.

ಎರಡನೆಯ ಪರೀಕ್ಷೆ: ಈ ಸಾಮಗ್ರಿ ಯಾವ ದೇಶದ್ದು? ಬೆಂಕಿ ಎಲ್ಲೆಲ್ಲಿಯೂ ಒಂದೇ. ಆದರೆ ಬೆಂಕಿಯ ಶಾಸ್ತ್ರದ ಸಂಕೇತಗಳು ಒಂದೊಂದು ದೇಶದಲ್ಲಿ ಒಂದೊಂದು ಬಗೆ. ನಮ್ಮಲ್ಲಿ ಬಳಕೆಗೆ ಬರುವ ಅಂದವಾದ ಚಲಚ್ಚಿತ್ರಗಳು ಅನೇಕ ವೇಳೆ ಅಮೆರಿಕೆಯಲ್ಲಿಯೋ ಇಂಗ್ಲೆಂಡಿನಲ್ಲಿಯೋ ಆಸ್ಟ್ರೇಲಿಯದಲ್ಲಿಯೋ ತಯಾರಾದುವು. ಅಮೆರಿಕದ ಪಾಠವು ‘ಸಿ’ ವರ್ಗದ ಬೆಂಕಿಯೆಂದರೆ ವಿದ್ಯುತ್ತಿನ ಬೆಂಕಿ ಎಂದು ಕಲಿಸುತ್ತದೆ. ನಮ್ಮ ಭಾರತೀಯ ಮಾನಕದ ಪ್ರಕಾರ ‘ಎ’ ಎಂದರೆ ಕಟ್ಟಿಗೆ, ಬಟ್ಟೆ, ಕಾಗದಗಳಂಥ ಘನ ವಸ್ತುಗಳ ಬೆಂಕಿ. ‘ಬಿ’ ಎಂದರೆ ಪೆಟ್ರೋಲು, ಬಣ್ಣ ಮೊದಲಾದ ದ್ರವಗಳದು. ‘ಸಿ’ ಎಂದರೆ ಅನಿಲದ ಬೆಂಕಿ. ‘ಡಿ’ ಎಂದರೆ ಮೆಗ್ನೀಸಿಯಂ ಮುಂತಾದ ಲೋಹಗಳದು. ಅಮೆರಿಕದ ಚಿತ್ರವನ್ನು ನೋಡಿ ನಮ್ಮ ಸಿಲಿಂಡರಿನ ಚೀಟಿಯನ್ನು ಓದುವ ಹುಡುಗನು ‘ಸಿ’ ಎಂಬ ಒಂದೇ ಅಕ್ಷರಕ್ಕೆ ಬೇರೆಯ ಅರ್ಥವನ್ನು ಮಾಡಿಕೊಳ್ಳುವನು.

ಬಣ್ಣದ ಪಟ್ಟಿಗಳ ಗೊಂದಲ ಇದಕ್ಕಿಂತ ಹೆಚ್ಚಿನದು. ಇಂಗ್ಲೆಂಡಿನಲ್ಲಿ ಕೆಂಪು ಸಿಲಿಂಡರಿನ ಮೇಲೆ ನೀಲಿ ಪಟ್ಟಿಯಿದ್ದರೆ ಒಳಗಿರುವುದು ಒಣ ಪುಡಿ. ಆಸ್ಟ್ರೇಲಿಯದಲ್ಲಿ ಅದೇ ನೀಲಿ ಪಟ್ಟಿ ನೊರೆಯ ಗುರುತು. ನೊರೆಯಲ್ಲಿ ನೀರಿನ ಅಂಶವಿರುವುದರಿಂದ ವಿದ್ಯುತ್ತು ಹರಿಯುತ್ತಿರುವ ಸಲಕರಣೆಯ ಮೇಲೆ ಅದನ್ನು ಸಿಂಪಡಿಸುವುದು ಅಪಾಯ. ಪುಡಿಗೆ ಆ ಭಯವಿಲ್ಲ. ಒಂದು ದೇಶದ ಬಣ್ಣವನ್ನು ಕಲಿತು ಇನ್ನೊಂದು ದೇಶದ ಸಿಲಿಂಡರನ್ನು ಹಿಡಿದವನ ಗತಿಯೇನಾದೀತು? ದೂರವಾಣಿಯ ಸಂಖ್ಯೆಯೂ ಹಾಗೆಯೇ. ಅಮೆರಿಕದ ಚಿತ್ರ 911ಕ್ಕೆ ಕರೆಮಾಡೆನ್ನುತ್ತದೆ, ಇಂಗ್ಲೆಂಡಿನದು 999 ಎನ್ನುತ್ತದೆ. ನಮ್ಮದು 112, ಅಗ್ನಿಶಾಮಕ ದಳಕ್ಕೆ 101. ಮಹಡಿಗಳ ಲೆಕ್ಕವೂ ಬೇರೆ: ಅಮೆರಿಕದವರು ನೆಲದ ಅಂತಸ್ತನ್ನೇ ಒಂದನೆಯ ಮಹಡಿ ಎನ್ನುತ್ತಾರೆ. ಇವೆಲ್ಲ ಸಣ್ಣ ಸಂಗತಿಗಳೆಂದು ತೋರಬಹುದು. ಗಾಬರಿಯ ಗಳಿಗೆಯಲ್ಲಿ ಯಾವುದೂ ಸಣ್ಣದಲ್ಲ. ಪರದೇಶದ ಚಿತ್ರವನ್ನು ತೋರಿಸಲೇ ಬೇಕಾದರೆ ಅದರಲ್ಲಿನ ಅಕ್ಷರ, ಬಣ್ಣ, ಸಂಖ್ಯೆಗಳನ್ನು ನಮ್ಮ ಗೋಡೆಯ ಮೇಲಿರುವುವುಗಳೊಡನೆ ಹೋಲಿಸಿ, ಹೊಂದದ ಭಾಗಗಳನ್ನು ಬಿಟ್ಟು ತೋರಿಸಬೇಕು.

ಮೂರನೆಯದು ಭಾಷೆಯ ಪರೀಕ್ಷೆ. ಕಲಾ ವಿದ್ಯಾರ್ಥಿಗಳು ನೆರವಾಗಬಲ್ಲ ಜಾಗವಿದು. ಕನ್ನಡದಲ್ಲಿ ಅಚ್ಚಾದ ಮಾತ್ರಕ್ಕೆ ಪುಸ್ತಕ ಕನ್ನಡದ್ದಾಗುವುದಿಲ್ಲ. ‘ಅಗ್ನಿ ಅವಘಡ ಸಂಭವಿಸಿದ ಸಂದರ್ಭದಲ್ಲಿ ಸಿಬ್ಬಂದಿವರ್ಗದವರು ನಿಗದಿತ ನಿರ್ಗಮನ ಮಾರ್ಗಗಳ ಮುಖಾಂತರ ನಿರ್ದಿಷ್ಟ ಸಮಾವೇಶ ಸ್ಥಳಕ್ಕೆ ತೆರಳತಕ್ಕದ್ದು’ ಎಂಬಂಥ ವಾಕ್ಯವನ್ನು ನೋಡಿ. ವ್ಯಾಕರಣದಲ್ಲಿ ದೋಷವಿಲ್ಲ; ಆದರೆ ಹೊಲಿಗೆಯ ಯಂತ್ರದ ಮುಂದೆ ಕುಳಿತ ಹುಡುಗಿಗೆ ಇದರಿಂದ ಏನು ಮಾಡಬೇಕೆಂಬುದು ತಿಳಿಯದು. ‘ಗಂಟೆ ಕೇಳಿದ ಕೂಡಲೆ ಕೆಲಸ ಬಿಡಿ. ಹತ್ತಿರದ ಮೆಟ್ಟಿಲಿನಿಂದ ಇಳಿಯಿರಿ. ಹೊರಗೆ ಬೇವಿನ ಮರದ ಕೆಳಗೆ ನಿಲ್ಲಿ’ ಎಂದರೆ ಅವಳ ಕಾಲಿಗೆ ನೇರವಾಗಿ ಹೇಳಿದಂತಾಯಿತು. ಒಂದು ವಾಕ್ಯಕ್ಕೆ ಒಂದು ಕೆಲಸ, ಅದೂ ಮಾಡಬೇಕಾದ ಕ್ರಮದಲ್ಲಿ. ಇದೇ ಅಳತೆ.

ಭಾಷಾಂತರದ ತೊಡಕುಗಳೂ ಉಂಟು. ಸಿಲಿಂಡರನ್ನು ಬಳಸುವ ಕ್ರಮವನ್ನು ಇಂಗ್ಲಿಷಿನಲ್ಲಿ ನಾಲ್ಕು ಕ್ರಿಯೆಗಳಾಗಿ ವಿಂಗಡಿಸಿ, ಅವುಗಳ ಮೊದಲ ಅಕ್ಷರಗಳನ್ನು ಕೂಡಿಸಿ ‘ಪಾಸ್’ ಎಂದು ಕಲಿಸುತ್ತಾರೆ. ಇಂಗ್ಲಿಷ್ ಬಲ್ಲವರಿಗೆ ಅದು ನೆನಪಿನ ಗಂಟು. ನಮ್ಮವರಿಗೆ ‘ಪಾಸ್’ ಎಂದರೆ ಪರೀಕ್ಷೆಯಲ್ಲಿ ಆಗುವುದು, ಇಲ್ಲವೆ ಬಸ್ಸಿನಲ್ಲಿ ತೋರಿಸುವುದು. ‘ಎಳೆ, ಗುರಿಯಿಡು, ಒತ್ತು, ಆಡಿಸು’ ಎಂದು ನಾಲ್ಕು ಕನ್ನಡ ಮಾತುಗಳನ್ನೇ ಕಲಿಸಬಾರದೇಕೆ? ಸೂಜಿಯನ್ನು ಎಳೆ, ಬೆಂಕಿಯ ಬುಡಕ್ಕೆ ಗುರಿಯಿಡು, ಹಿಡಿಯನ್ನು ಒತ್ತು, ಆ ಕಡೆ ಈ ಕಡೆ ಆಡಿಸು. ಇನ್ನು ನಮ್ಮ ‘ಆರಿಸು’ ಎಂಬ ಪದವನ್ನು ನೋಡಿ. ಆಯ್ದುಕೊಳ್ಳುವುದಕ್ಕೂ ನಂದಿಸುವುದಕ್ಕೂ ಅದೊಂದೇ ಮಾತು. ‘ಮೊದಲು ಸರಿಯಾದುದನ್ನು ಆರಿಸಿ’ ಎಂದು ಬರೆದರೆ ಓದುವವನು ಏನೆಂದು ತಿಳಿಯಬೇಕು? ಬೆಂಕಿಯ ಪಾಠದಲ್ಲಿ ಒಂದಕ್ಕೆ ‘ಆಯ್ದುಕೊಳ್ಳಿ’ ಎಂದೂ ಇನ್ನೊಂದಕ್ಕೆ ‘ನಂದಿಸಿ’ ಎಂದೂ ಬೇರೆ ಬೇರೆ ಪದಗಳನ್ನು ಬಳಸುವುದೇ ಕ್ಷೇಮ. ಇಂಗ್ಲಿಷಿನಲ್ಲಿಯೂ ಇಂಥದೊಂದುಂಟು. ‘ಇನ್‌ಫ್ಲೇಮಬಲ್’ ಎಂದರೆ ಬೇಗ ಉರಿಯುವಂಥದು. ಮೊದಲಿನ ‘ಇನ್’ ಅನ್ನು ಕಂಡು ಉರಿಯದಂಥದೆಂದು ತಿಳಿಯುವವರಿದ್ದಾರೆ. ಎಚ್ಚರಿಕೆಯ ಚೀಟಿಗಳಲ್ಲಿ ‘ಫ್ಲೇಮಬಲ್’ ಎಂಬ ರೂಪವೇ ಮೇಲೆಂಬ ಅಭಿಪ್ರಾಯ ಬಲಗೊಂಡುದಕ್ಕೆ ಈ ಭ್ರಮೆಯೇ ಕಾರಣ.

ಮೇಲಾಗಿ ಬೆಂಗಳೂರಿನಂಥ ಊರಿನ ಕಾರ್ಖಾನೆಗಳಲ್ಲಿ ಕನ್ನಡವೊಂದೇ ಸಾಲದು. ಒಡಿಶಾ, ಬಿಹಾರ, ಅಸ್ಸಾಂ, ಬಂಗಾಳಗಳಿಂದ ಬಂದವರು ನಮ್ಮ ಪಕ್ಕದಲ್ಲಿಯೇ ಕೆಲಸಮಾಡುತ್ತಿದ್ದಾರೆ. ಅವರ ಪ್ರಾಣವೂ ಪ್ರಾಣವೇ ಅಲ್ಲವೇ? ಅವರವರ ನುಡಿಯಲ್ಲಿ ನಾಲ್ಕು ಸಾಲುಗಳನ್ನಾದರೂ ಕೊಡಬೇಕು. ಓದು ಬಾರದವರಿಗೆ ಚಿತ್ರವಿರಬೇಕು. ತುರ್ತು ಬಾಗಿಲಿನ ಮೇಲೆ ಹಸಿರು ಹಿನ್ನೆಲೆಯಲ್ಲಿ ಓಡುತ್ತಿರುವ ಮನುಷ್ಯನ ಚಿತ್ರವನ್ನು ನೀವು ಕಂಡಿರಬಹುದು. ಅದು ಜಪಾನಿನ ಯೂಕಿಯೋ ಓಟಾ ಎಂಬ ವಿನ್ಯಾಸಕಾರರ ಕೃತಿ. ಮುಂದೆ ಅಂತಾರಾಷ್ಟ್ರೀಯ ಮಾನಕವಾಯಿತು. ಅಕ್ಷರವಿಲ್ಲದೆ ಅರ್ಥವಾಗುತ್ತದೆಂಬುದೇ ಅದರ ಹಿರಿಮೆ. ಪಾಠದ ಸಾಮಗ್ರಿಯಲ್ಲಿ ಈ ಚಿತ್ರವೇ ಇರಲಿ. ಬೇರೊಂದನ್ನು ಹೊಸದಾಗಿ ಬರೆದು ಜನರನ್ನು ಗಲಿಬಿಲಿಗೊಳಿಸುವುದು ಬೇಡ.

ನಾಲ್ಕನೆಯ ಪರೀಕ್ಷೆ: ಸಾಮಗ್ರಿಯು ಬೆಂಕಿಯ ವಿಷಯದಲ್ಲಿ ನಿಜವನ್ನು ಹೇಳುತ್ತದೆಯೇ? ಚಲಚ್ಚಿತ್ರ ತೆಗೆಯುವವರಿಗೆ ಜ್ವಾಲೆಯೆಂದರೆ ಪ್ರೀತಿ. ಅದು ಪರದೆಯ ಮೇಲೆ ಚೆನ್ನಾಗಿ ಕಾಣುತ್ತದೆ. ಆದರೆ ಕಟ್ಟಡದೊಳಗಿನ ಬೆಂಕಿಯಲ್ಲಿ ಜ್ವಾಲೆಗಿಂತ ಮೊದಲು ಮನುಷ್ಯನನ್ನು ತಲಪುವುದು ಹೊಗೆ. 1997ರ ಜೂನ್ 13ರಂದು ದೆಹಲಿಯ ಉಪಹಾರ್ ಚಿತ್ರಮಂದಿರದಲ್ಲಿ ಪ್ರಾಣ ಕಳೆದುಕೊಂಡ 59 ಮಂದಿ ಉಸಿರುಗಟ್ಟಿ ಸತ್ತವರು. ನಮ್ಮ ಬೆಂಗಳೂರಿನ ಕಾರ್ಲ್‌ಟನ್ ಟವರ್ಸ್ ಎಂಬ ಕಚೇರಿ ಕಟ್ಟಡದಲ್ಲಿ 2010ರ ಫೆಬ್ರವರಿ 23ರಂದು ಒಂಬತ್ತು ಮಂದಿ ಅಸುನೀಗಿದರು. ಅಲ್ಲಿಯೂ ಮೇಲಿನ ಮಹಡಿಗಳವರನ್ನು ಹಿಡಿದು ನಿಲ್ಲಿಸಿದುದು ಹೊಗೆ. ಅದನ್ನು ತಾಳಲಾರದೆ ಕೆಲವರು ಕಿಟಕಿಯಿಂದ ಕೆಳಕ್ಕೆ ಹಾರಿದರು. ಹೊಗೆಯಲ್ಲಿರುವ ಕಾರ್ಬನ್ ಮಾನಾಕ್ಸೈಡ್ ಎಂಬ ಅನಿಲಕ್ಕೆ ಬಣ್ಣವಿಲ್ಲ, ವಾಸನೆಯಿಲ್ಲ. ನಮ್ಮ ರಕ್ತದ ಕೆಂಪು ಕಣಗಳಿಗೆ ಅದು ಆಮ್ಲಜನಕಕ್ಕಿಂತ ಇನ್ನೂರು ಪಟ್ಟಿಗೂ ಮಿಗಿಲಾಗಿ ಅಂಟಿಕೊಳ್ಳುತ್ತದೆ. ಮನುಷ್ಯ ಮಂಕಾಗುತ್ತಾನೆ, ಮಂಕಾದುದು ಅವನಿಗೇ ತಿಳಿಯುವುದಿಲ್ಲ. ಬಿಸಿ ಹೊಗೆ ಮೇಲಕ್ಕೇರಿ ಸೂರಿನಿಂದ ಕೆಳಗೆ ತುಂಬುತ್ತ ಬರುವುದರಿಂದ ಬಾಗಿ, ಬೇಕಾದರೆ ತೆವಳಿ ಸಾಗಬೇಕು, ಹೊಗೆ ತುಂಬಿದ ಮೆಟ್ಟಿಲಿಗೆ ನುಗ್ಗಬಾರದು, ಹಿಂದಿನ ಬಾಗಿಲನ್ನು ಮುಚ್ಚಿಕೊಂಡು ಹೋಗಬೇಕು, ಲಿಫ್ಟನ್ನು ಮುಟ್ಟಬಾರದು. ಯಾವ ಚಲಚ್ಚಿತ್ರದಲ್ಲಿ ಹೊಗೆಯ ಮಾತು ಜ್ವಾಲೆಯ ಮಾತಿಗಿಂತ ಕಡಿಮೆಯೋ ಅದನ್ನು ನಾನು ಬದಿಗಿಡುತ್ತೇನೆ.

ಕೆಂಪು ಸಿಲಿಂಡರಿನ ವಿಷಯದಲ್ಲಿಯೂ ನಿಜ ಹೇಳಬೇಕು. ಹೊಸಬನು ಅದನ್ನು ಒಂದು ಬಗೆಯ ಬ್ರಹ್ಮಾಸ್ತ್ರವೆಂದು ಭಾವಿಸುತ್ತಾನೆ. ಕೈಯಲ್ಲಿ ಹಿಡಿಯುವ ಸಿಲಿಂಡರು ಬರಿದಾಗಲು ನಿಮಿಷ ಬೇಕಿಲ್ಲ. ಕೆಲವೇ ಸೆಕೆಂಡುಗಳು ಸಾಕು. ಅದು ಕಸದ ಬುಟ್ಟಿಯಷ್ಟು ಬೆಂಕಿಗೆ. ಸೂರು ಮುಟ್ಟಿದ ಬೆಂಕಿಗಲ್ಲ. ಅದನ್ನು ಹಿಡಿಯುವ ಮೊದಲು ಗಂಟೆ ಬಾರಿಸಿರಬೇಕು, ಬೆನ್ನ ಹಿಂದೆ ಹೊರದಾರಿ ತೆರೆದಿರಬೇಕು. ಕಾರ್ಬನ್ ಡಯಾಕ್ಸೈಡ್ ತುಂಬಿದ ಸಿಲಿಂಡರಿನ ಕೊಂಬನ್ನು ಬರಿಗೈಯಲ್ಲಿ ಹಿಡಿದರೆ ಕೈ ಮರಗಟ್ಟುವಷ್ಟು ತಣ್ಣಗಾಗುತ್ತದೆ. ಉರಿಯುವ ಎಣ್ಣೆಗೆ ನೀರು ಹಾಕಬಾರದೆಂದು ಹೇಳಿದರಷ್ಟೆ ಸಾಲದು, ಕಾರಣವನ್ನೂ ಹೇಳಬೇಕು. ನೀರು ಎಣ್ಣೆಯ ಕೆಳಗಿಳಿದು ಒಮ್ಮೆಗೇ ಹಬೆಯಾಗುತ್ತದೆ. ಒಂದು ಲೀಟರು ನೀರು ಸುಮಾರು 1700 ಲೀಟರು ಹಬೆಯಾಗಿ ಹಿಗ್ಗಿ, ಉರಿಯುವ ಎಣ್ಣೆಯನ್ನು ಮೇಲಕ್ಕೆ ಚಿಮ್ಮಿಸುತ್ತದೆ. ಕಾರಣ ತಿಳಿದ ನಿಷೇಧವು ಮನಸ್ಸಿನಲ್ಲಿ ನಿಲ್ಲುತ್ತದೆ. ಬರಿಯ ‘ಕೂಡದು’ ಎಂಬುದು ನಿಲ್ಲುವುದಿಲ್ಲ.

ಐದನೆಯದು ಮನುಷ್ಯ ಸ್ವಭಾವದ ಪರೀಕ್ಷೆ. ಬೆಂಕಿಯೆಂದರೆ ಜನ ಹುಚ್ಚೆದ್ದು ಓಡುತ್ತಾರೆಂದು ನಾವು ತಿಳಿದಿದ್ದೇವೆ. ಚಿತ್ರಗಳಲ್ಲಿ ತೋರಿಸುವುದೂ ಅದನ್ನೇ. ಇದನ್ನು ಅಧ್ಯಯನ ಮಾಡಿದವರು ಕಂಡುದು ಬೇರೆ. ಜನ ಬಹುಮಟ್ಟಿಗೆ ಓಡುವುದಿಲ್ಲ, ತಡಮಾಡುತ್ತಾರೆ. ಗಂಟೆ ಕೇಳಿದರೆ ‘ಇದು ಸುಳ್ಳು ಗಂಟೆಯಿರಬೇಕು’ ಎನ್ನುತ್ತಾರೆ, ಪಕ್ಕದವರ ಮುಖ ನೋಡುತ್ತಾರೆ, ಚೀಲ ಹುಡುಕುತ್ತಾರೆ, ಮೇಲಿನವರ ಅಪ್ಪಣೆಗಾಗಿ ಕಾಯುತ್ತಾರೆ. ಕೊನೆಗೆ ಹೊರಟಾಗಲೂ ತಾವು ದಿನವೂ ಬರುವ ಬಾಗಿಲಿನತ್ತಲೇ ನಡೆಯುತ್ತಾರೆ, ಪಕ್ಕದಲ್ಲಿಯೇ ತುರ್ತು ಬಾಗಿಲಿದ್ದರೂ ಸಹ.

ಢಾಕಾ ನಗರದ ಹೊರವಲಯದ ತಾಜ್ರೀನ್ ಎಂಬ ಉಡುಪಿನ ಕಾರ್ಖಾನೆಯಲ್ಲಿ 2012ರ ನವೆಂಬರ್ 24ರಂದು ಬೆಂಕಿ ಬಿದ್ದಿತು. ಕನಿಷ್ಠ 112 ಮಂದಿ ಸತ್ತರು. ಗಂಟೆ ಬಾರಿಸಿತ್ತು, ಕೆಲಸಗಾರರು ಎದ್ದೂ ಇದ್ದರು. ಮೇಲ್ವಿಚಾರಕರು ಅವರನ್ನು ಮತ್ತೆ ಕೆಲಸಕ್ಕೆ ಕೂರಿಸಿದರೆಂದು ಬದುಕಿ ಬಂದವರು ಹೇಳಿದರು. ಇದಕ್ಕೆ ವಿರುದ್ಧವಾದ ಚಿತ್ರ ಅಮೆರಿಕದ ಕೆಂಟಕಿ ಪ್ರಾಂತದಲ್ಲಿದೆ. ಅಲ್ಲಿಯ ಬೆವರ್ಲಿ ಹಿಲ್ಸ್ ಸಪ್ಪರ್ ಕ್ಲಬ್ ಎಂಬ ಭೋಜನಶಾಲೆಗೆ 1977ರ ಮೇ 28ರಂದು ಬೆಂಕಿ ತಗಲಿತು. ವಾಲ್ಟರ್ ಬೇಲಿ ಎಂಬ ಹದಿನೆಂಟು ವರ್ಷದ ಹುಡುಗ, ಮೇಜು ಒರೆಸಿ ತಟ್ಟೆ ಎತ್ತುವವನು, ಯಾರ ಅಪ್ಪಣೆಗೂ ಕಾಯದೆ ತುಂಬಿದ ಸಭಾಂಗಣದ ವೇದಿಕೆಯನ್ನೇರಿ, ಧ್ವನಿವರ್ಧಕದ ಮುಂದೆ ನಿಂತು ಹೊರದಾರಿಗಳನ್ನು ಬೆರಳಿಟ್ಟು ತೋರಿಸಿದನು. ಆ ದುರಂತದಲ್ಲಿ 165 ಮಂದಿ ಸತ್ತರೆಂಬುದು ನಿಜ. ಅವನ ಮಾತು ಕೇಳಿ ಎದ್ದು ನಡೆದು ಉಳಿದವರು ನೂರಾರು ಮಂದಿ. ‘ಗಂಟೆ ಬಾರಿಸಲು ನಿನಗೆ ಯಾರ ಅಪ್ಪಣೆಯೂ ಬೇಡ, ಗಂಟೆ ಕೇಳಿ ಎದ್ದುದಕ್ಕೆ ನಿನ್ನ ಸಂಬಳ ಹಿಡಿಯುವುದಿಲ್ಲ’ ಎಂಬ ಎರಡು ಮಾತುಗಳು ಯಾವ ಸಾಮಗ್ರಿಯಲ್ಲಿ ಸ್ಪಷ್ಟವಾಗಿವೆಯೋ ಅದು ನನ್ನ ಕಣ್ಣಿನಲ್ಲಿ ಬಹಳ ಮೇಲಿನದು. ಈ ಮಾತುಗಳನ್ನು ಮೇಲ್ವಿಚಾರಕರ ಎದುರಿನಲ್ಲಿಯೇ ಓದಿಸಬೇಕು. ಅವರಿಗೂ ಅದು ಪಾಠವೇ.

ಇಷ್ಟು ಹೇಳಿದ ಮೇಲೂ ಒಂದು ಮಾತು ಉಳಿಯುತ್ತದೆ. ಈಜಿನ ಪುಸ್ತಕವನ್ನು ಓದಿ ಯಾರೂ ಈಜು ಕಲಿತಿಲ್ಲ. ಲಂಡನ್ನಿನ ಕಿಂಗ್ಸ್ ಕ್ರಾಸ್ ಭೂಗತ ನಿಲ್ದಾಣದಲ್ಲಿ 1987ರ ನವೆಂಬರ್ 18ರಂದು ಮರದ ಚಲಿಸುವ ಮೆಟ್ಟಿಲುಗಳಿಗೆ ಬೆಂಕಿ ಹತ್ತಿ 31 ಮಂದಿ ಸತ್ತರು. ಮೆಟ್ಟಿಲ ಕೆಳಗೆ ನೀರನ್ನು ಮಂಜಿನಂತೆ ಚಿಮ್ಮಿಸುವ ಸಲಕರಣೆ ಸಿದ್ಧವಾಗಿಯೇ ಇತ್ತು. ಅದನ್ನು ಯಾರೂ ತಿರುಗಿಸಲಿಲ್ಲ; ಸಿಬ್ಬಂದಿಗೆ ಅದರ ಬಳಕೆಯಲ್ಲಿ ತಕ್ಕ ತರಬೇತಿಯೇ ಇರಲಿಲ್ಲವೆಂದು ವಿಚಾರಣೆಯಲ್ಲಿ ಸ್ಥಿರಪಟ್ಟಿತು. ಆದುದರಿಂದ ಪುಸ್ತಕ, ಚಲಚ್ಚಿತ್ರಗಳನ್ನು ನಾನು ಪಾಠದ ಮುನ್ನುಡಿಯೆಂದು ಮಾತ್ರ ಎಣಿಸುತ್ತೇನೆ. ಮುನ್ನುಡಿ ಮುಗಿದೊಡನೆ ಹೊಸಬರನ್ನು ಕರೆದುಕೊಂಡು ನಡೆಯಬೇಕು. ಅವರ ಕುರ್ಚಿಯಿಂದ ಮೊದಲ ಬಾಗಿಲಿಗೆ, ಮತ್ತೆ ಕುರ್ಚಿಗೆ ಬಂದು ಅಲ್ಲಿಂದ ಎರಡನೆಯ ಬಾಗಿಲಿಗೆ. ಬಾಗಿಲನ್ನು ಅವರ ಕೈಯಿಂದಲೇ ತೆರೆಸಬೇಕು. ಬೀಗ ಬಿದ್ದಿದ್ದರೆ, ಇಲ್ಲವೆ ಮುಂದೆ ರಟ್ಟಿನ ಪೆಟ್ಟಿಗೆಗಳನ್ನು ಒಟ್ಟಿದ್ದರೆ ಅದು ಆಗಲೇ ಬಯಲಾಗುತ್ತದೆ. ಪಾಠದ ಜೊತೆಗೆ ತಪಾಸಣೆಯೂ ಆಯಿತು. ಮೆಟ್ಟಿಲಿಳಿಯಲಾರದವರು, ಕಿವಿ ಕೇಳದವರು ಇದ್ದರೆ ಅವರ ಜೊತೆಗೆ ಯಾರು ಎಂಬುದನ್ನು ಅಲ್ಲಿಯೇ ಗೊತ್ತುಮಾಡಬೇಕು.

ಸಾಮಗ್ರಿಯನ್ನು ಕೊಳ್ಳುವ ಮೊದಲು ನಾನು ಅನುಸರಿಸುವ ಕ್ರಮ ಬಲು ಸರಳ. ಅದನ್ನು ಮೂವರು ಹೊಸಬರಿಗೆ ತೋರಿಸುತ್ತೇನೆ. ಒಬ್ಬರು ಕಚೇರಿಯವರು, ಒಬ್ಬರು ಯಂತ್ರದ ಕೆಲಸದವರು, ಒಬ್ಬರು ಗುಡಿಸುವ ಕೆಲಸದವರು. ಮುಗಿದ ಮೇಲೆ ‘ಅರ್ಥವಾಯಿತೇ?’ ಎಂದು ಕೇಳುವುದಿಲ್ಲ. ಆ ಪ್ರಶ್ನೆಗೆ ಎಲ್ಲರೂ ಹೌದೆನ್ನುತ್ತಾರೆ. ‘ಈಗ ಗಂಟೆಯಾಯಿತೆಂದು ತಿಳಿಯಿರಿ, ನನ್ನನ್ನು ಹೊರಗೆ ಕರೆದುಕೊಂಡು ಹೋಗಿ’ ಎನ್ನುತ್ತೇನೆ. ವಾರ ಕಳೆದ ಮೇಲೆ ಅದನ್ನೇ ಮತ್ತೊಮ್ಮೆ ಕೇಳುತ್ತೇನೆ. ಮೂವರೂ ನಡೆಸಿಕೊಂಡು ಹೋದರೆ ಸಾಮಗ್ರಿ ಒಳ್ಳೆಯದು. ಯಾರಾದರೂ ನಿಂತುಬಿಟ್ಟರೆ ಕೊರತೆಯಿರುವುದು ಅವರಲ್ಲಲ್ಲ, ಸಾಮಗ್ರಿಯಲ್ಲಿ. ಈ ಪರೀಕ್ಷೆಯಲ್ಲಿ ದುಬಾರಿಯ ಚಲಚ್ಚಿತ್ರಕ್ಕಿಂತ, ನಮ್ಮದೇ ಕಟ್ಟಡದ ನಕ್ಷೆಯನ್ನೂ ನಮ್ಮದೇ ಬಾಗಿಲು, ಗುಂಡಿ, ಸಿಲಿಂಡರುಗಳ ಭಾವಚಿತ್ರಗಳನ್ನೂ ಅಂಟಿಸಿ ತಯಾರಿಸಿದ ಒಂದು ಹಾಳೆ ಮೇಲುಗೈಯಾಗುವುದನ್ನು ಕಂಡಿದ್ದೇನೆ.

ಕಾಲೇಜೂ ಒಂದು ಕೆಲಸದ ಜಾಗವೇ ಎಂಬುದನ್ನು ನಾವು ಮರೆಯಲಾಗದು. ಅಧ್ಯಾಪಕರು, ಗುಮಾಸ್ತರು, ಗ್ರಂಥಾಲಯದವರು, ಜವಾನರು, ಇವರೊಂದಿಗೆ ನೂರಾರು ವಿದ್ಯಾರ್ಥಿಗಳು ಇಲ್ಲಿ ದಿನ ಕಳೆಯುತ್ತಾರೆ. ಪ್ರತಿ ವರ್ಷ ಏಪ್ರಿಲ್ 14ರಿಂದ ದೇಶದಲ್ಲೆಲ್ಲ ಅಗ್ನಿಶಾಮಕ ಸೇವಾ ಸಪ್ತಾಹವನ್ನು ಆಚರಿಸುತ್ತಾರೆ. 1944ರಲ್ಲಿ ಅದೇ ದಿನ ಮುಂಬಯಿಯ ಬಂದರಿನಲ್ಲಿ ಹತ್ತಿ, ಮದ್ದುಗುಂಡುಗಳನ್ನು ತುಂಬಿದ್ದ ಫೋರ್ಟ್ ಸ್ಟಿಕೀನ್ ಎಂಬ ಹಡಗು ಬೆಂಕಿ ಹತ್ತಿ ಸಿಡಿದಾಗ, ನಂದಿಸಲು ಹೋದ ದಳದವರು ಅನೇಕರು ಮಡಿದರು. ಅವರ ಸ್ಮರಣೆಗಾಗಿ ಈ ಸಪ್ತಾಹ. ಭಾಷಣ ಮಾಡಿಸಿ ಚಿತ್ರಪಟ ಅಂಟಿಸುವುದರ ಜೊತೆಗೆ, ನಮ್ಮ ವಿದ್ಯಾರ್ಥಿ ಸಂಘದವರು ಆ ವಾರದಲ್ಲಿ ಇನ್ನೊಂದು ಕೆಲಸ ಮಾಡಬಹುದು. ಪ್ರತಿ ಕೋಣೆಯಿಂದ ಹೊರಗೆ ಹೋಗುವ ಎರಡು ದಾರಿಗಳನ್ನು ನಡೆದು ನೋಡಿ, ತಿಳಿಗನ್ನಡದಲ್ಲಿ ಐದು ಸಾಲುಗಳನ್ನು ಬರೆದು ಆ ಕೋಣೆಯ ಬಾಗಿಲಿನ ಮೇಲೆ ಅಂಟಿಸಲಿ. ಮುಂದಿನ ವರ್ಷ ಸೇರುವ ಹೊಸ ವಿದ್ಯಾರ್ಥಿಯನ್ನು ಮೊದಲನೆಯ ದಿನವೇ ಆ ದಾರಿಗಳಲ್ಲಿ ನಡೆಸಲಿ. ಅದಕ್ಕೆ ತಗಲುವ ವೆಚ್ಚ ಕೆಲವು ಹಾಳೆ ಕಾಗದ, ಸ್ವಲ್ಪ ಅಂಟು. ಹೊತ್ತು, ಹತ್ತು ನಿಮಿಷ.